ಕೆಂಪು ಕಾಲುಚೀಲದ ಪಕ್ಷಪಾತ

ಪಕ್ಷಪಾತವು ದೋಷವೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ನ್ಯಾಯಾಧೀಶನಿಗೆ ಅದು ಸಲ್ಲದು. ಉಪಾಧ್ಯಾಯನಿಗಂತೂ ಸಲ್ಲವೇ ಸಲ್ಲದು. ಮೂವತ್ತು ವರ್ಷಗಳಿಗೂ ಮಿಕ್ಕಿ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಈ ಮಾತನ್ನು ಮನಸಾರ ಒಪ್ಪುತ್ತೇನೆ. ಆದರೂ ಮನುಷ್ಯನ ಎದೆಯಲ್ಲಿ ಪಕ್ಷಪಾತಕ್ಕೆಂದೇ ಮೀಸಲಾದ ಒಂದು ಮೂಲೆ ಇದ್ದೇ ಇರುತ್ತದೆ. ಕೆಲವರು ಆ ಮೂಲೆಯನ್ನು ರಾಜಕೀಯಕ್ಕೆ ಬಿಟ್ಟುಕೊಡುತ್ತಾರೆ, ಕೆಲವರು ತಮಗೆ ಒಪ್ಪಿದ ಗವಾಯಿಗೆ, ಇನ್ನು ಕೆಲವರು ಸ್ವಂತ ಊರಿನ ನೀರಿಗೆ. ನಾನು ಅದನ್ನು ಏಳು ಸಮುದ್ರದಾಚೆಯ ಒಂದು ಬೇಸ್‌ಬಾಲ್ ತಂಡಕ್ಕೆ ಕೊಟ್ಟುಬಿಟ್ಟಿದ್ದೇನೆ. ಬಾಸ್ಟನ್ ರೆಡ್ ಸಾಕ್ಸ್ ಎಂಬುದು ಅದರ ಹೆಸರು. ಕನ್ನಡಿಸಿದರೆ ಕೆಂಪು ಕಾಲುಚೀಲ. ಹೆಸರು ಕೇಳಿ ನಕ್ಕವರು ನನ್ನ ಮನೆಯಲ್ಲೇ ಇದ್ದಾರೆ. ಅವರೊಡನೆ ನಾನೂ ನಕ್ಕಿದ್ದೇನೆ. ಆದರೆ ಆ ತಂಡವು ಸೋತ ದಿನ ಊಟ ರುಚಿಸುವುದಿಲ್ಲವೆಂಬುದು ನಗೆಯ ಮಾತಲ್ಲ.

ಸಂಶೋಧನೆಯ ನಿಮಿತ್ತ 2002ರಿಂದ 2006ರವರೆಗೆ ನಾನು ಬಾಸ್ಟನ್ನಿನಲ್ಲಿದ್ದೆ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತರಾದ ಒಬ್ಬ ಶಾಲಾ ಉಪಾಧ್ಯಾಯರಿದ್ದರು. ಅವರ ಹೆಸರು ಇಲ್ಲಿ ಬೇಡ. ಮನಸ್ಸಿನಲ್ಲಿ ನಾನು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಹಿಮ ಬಿದ್ದಾಗ ಮನೆಯ ಮುಂದಿನ ದಾರಿಯನ್ನು ಸಲಿಕೆಯಿಂದ ತೆಗೆಯುವುದನ್ನೂ, ಬೇಸ್‌ಬಾಲ್ ಪಂದ್ಯದ ಅಂಕಗಳನ್ನು ಪೆನ್ಸಿಲಿನಿಂದ ಬರೆದಿಡುವುದನ್ನೂ ನನಗೆ ಕಲಿಸಿದವರು ಅವರು. ಮೊದಲನೆಯದನ್ನು ಮರೆತಿದ್ದೇನೆ.

ಕ್ರಿಕೆಟ್ ಬಲ್ಲವನಿಗೆ ಬೇಸ್‌ಬಾಲಿನ ನಿಯಮಗಳು ಒಂದು ಸಂಜೆಯಲ್ಲಿ ಅರ್ಥವಾಗುತ್ತವೆ. ಪಕ್ಷಕ್ಕೆ ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್. ಚೌಕದ ನಾಲ್ಕು ಮೂಲೆಗಳು, ಮೂಲೆಯಿಂದ ಮೂಲೆಗೆ 90 ಅಡಿ. ನಾಲ್ಕನ್ನೂ ಸುತ್ತಿ ಮನೆಗೆ ಮರಳಿದರೆ ಒಂದು ಓಟ. ಆದರೆ ಅಂಕಗಣಿತದ ಹಿಂದಿರುವ ತತ್ತ್ವ ಬೇರೆ. ಇಲ್ಲಿ ಹತ್ತು ಸಲ ದಾಂಡು ಬೀಸಿ ಮೂರು ಸಲ ಸಫಲನಾದವನು ಉತ್ತಮ ಆಟಗಾರ. ಹತ್ತಕ್ಕೆ ನಾಲ್ಕರ ಗಡಿಯನ್ನು ಬಾಸ್ಟನ್ನಿನ ಟೆಡ್ ವಿಲಿಯಮ್ಸ್ 1941ರಲ್ಲಿ ದಾಟಿದ. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಅನಂತರ ಯಾರೂ ಒಂದು ಇಡೀ ಋತುವಿನಲ್ಲಿ ಅದನ್ನು ದಾಟಿಲ್ಲ. ಒಂದು ಋತುವೆಂದರೆ 162 ಪಂದ್ಯಗಳು. ವಸಂತದಲ್ಲಿ ಮೊದಲಾಗಿ ಎಲೆ ಉದುರುವವರೆಗೆ ಹೆಚ್ಚು ಕಡಿಮೆ ದಿನವೂ ಆಟ. ಶ್ರೇಷ್ಠ ತಂಡವೂ ಐವತ್ತು ಅರವತ್ತು ಸಲ ಸೋಲುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ತಂಡದ ಮೇಲೆ ತೀರ್ಪು ಕೊಡುವವನನ್ನು ಮೇಷ್ಟ್ರು ಅರ್ಧ ಓದಿ ಅಂಕ ಹಾಕುವ ಪರೀಕ್ಷಕನಿಗೆ ಹೋಲಿಸುತ್ತಿದ್ದರು. ಹಾಗೆ ಹೇಳಿದವರೇ ಏಪ್ರಿಲಿನ ಸೋಲಿಗೆ ಇಡೀ ದಿನ ಮೌನವ್ರತ ಹಿಡಿಯುತ್ತಿದ್ದರೆಂಬುದು ಬೇರೆ ಮಾತು.

ಬಾಸ್ಟನ್ನಿನವರ ದುಃಖಕ್ಕೆ ಒಂದು ಆದಿಪರ್ವವಿದೆ. 1912ರಲ್ಲಿ ತೆರೆದ ಫೆನ್‌ವೇ ಪಾರ್ಕ್ ಎಂಬ ಕ್ರೀಡಾಂಗಣದಲ್ಲಿ ಆಡುತ್ತ ಈ ತಂಡವು 1912, 1915, 1916 ಮತ್ತು 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಬೇಬ್ ರೂತ್ ಎಂಬ ತರುಣನು ಆಗ ಅದರ ಎಸೆತಗಾರ. ಮೆಲ್ಲಮೆಲ್ಲನೆ ದಾಂಡಿಗನೂ ಆದ. 1919ರಲ್ಲಿ 29 ಹೋಂ ರನ್ ಹೊಡೆದು ಅಂದಿನ ದಾಖಲೆ ಸ್ಥಾಪಿಸಿದ. ಆ ವರ್ಷದ ಕೊನೆಯಲ್ಲಿ ತಂಡದ ಒಡೆಯನಾದ ಹ್ಯಾರಿ ಫ್ರೇಜೀ ಅವನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಒಂದು ಲಕ್ಷ ಡಾಲರಿಗೆ ಮಾರಿದ. ಅದರ ಜೊತೆಗೆ ಮೂರು ಲಕ್ಷ ಡಾಲರಿನ ಸಾಲವೂ ದೊರೆಯಿತು. ಆ ಸಾಲಕ್ಕೆ ಅಡವಿಟ್ಟದ್ದು ಫೆನ್‌ವೇ ಪಾರ್ಕನ್ನೇ! ಆಟಗಾರನನ್ನು ಕೊಂಡವರಿಗೇ ಮೈದಾನವನ್ನೂ ಒತ್ತೆಯಿಟ್ಟ ಈ ವ್ಯಾಪಾರದ ಮುಂದೆ ಪಗಡೆಯಾಟದ ಧರ್ಮರಾಯನೂ ಜಾಣನಾಗಿ ಕಂಡಾನು. ಅಲ್ಲಿಯವರೆಗೆ ಲೀಗನ್ನು ಒಮ್ಮೆಯೂ ಗೆಲ್ಲದಿದ್ದ ಯಾಂಕೀಸ್ 1921ರಲ್ಲಿ ಲೀಗನ್ನೂ 1923ರಲ್ಲಿ ವರ್ಲ್ಡ್ ಸೀರೀಸನ್ನೂ ಗೆದ್ದಿತು. 2009ರ ಹೊತ್ತಿಗೆ ಅದರ ಕಿರೀಟಗಳು 27. ಬಾಸ್ಟನ್ ಮಾತ್ರ 1918ರ ಅನಂತರ 86 ವರ್ಷ ಕಾದಿತು.

ಫ್ರೇಜೀ ವೃತ್ತಿಯಿಂದ ನಾಟಕದ ಕಂಪನಿಯವನು. 'ನೋ, ನೋ, ನ್ಯಾನೆಟ್' ಎಂಬ ಸಂಗೀತನಾಟಕವನ್ನಾಡಿಸಲು ಅವನು ರೂತನನ್ನು ಮಾರಿದನೆಂದು ಬಾಸ್ಟನ್ನಿನಲ್ಲಿ ಹಸುಗೂಸೂ ಹೇಳುತ್ತದೆ. ಆ ನಾಟಕ ನ್ಯೂಯಾರ್ಕಿನ ರಂಗವನ್ನೇರಿದ್ದು 1925ರಲ್ಲಿ. ರೂತ್ ಹೋದದ್ದು ಅದಕ್ಕೆ ಐದು ವರ್ಷ ಮೊದಲು. ಫ್ರೇಜೀಯ ತಲೆಯ ಮೇಲೆ ತಂಡವನ್ನು ಕೊಂಡ ಸಾಲ ಇದ್ದಿತು. ರೂತ್ ಸಂಬಳವನ್ನು ಇಮ್ಮಡಿ ಮಾಡೆಂದು ಹಟ ಹಿಡಿದಿದ್ದ. ಇದನ್ನೆಲ್ಲ ನಾನು ಗ್ರಂಥಾಲಯದಲ್ಲಿ ಓದಿಕೊಂಡು ಬಂದು ಉತ್ಸಾಹದಿಂದ ಮೇಷ್ಟ್ರಿಗೆ ಹೇಳಿದೆ. ಅವರು ಶಾಂತವಾಗಿ ಕೇಳಿ, “ನೀವು ಹೇಳುವುದು ಸತ್ಯವಿರಬಹುದು. ಆದರೆ ನನ್ನ ತಂದೆ ಆ ನಾಟಕವನ್ನು ನೋಡಲಿಲ್ಲ, ನಾನೂ ನೋಡಿಲ್ಲ,” ಎಂದರು. ಅಲ್ಲಿಗೆ ಇತಿಹಾಸದ ಪಾಠ ಮುಗಿಯಿತು.

ಅವರ ತಂದೆ ಹುಟ್ಟಿದ್ದು 1912ರಲ್ಲಿ, ಫೆನ್‌ವೇ ತೆರೆದ ವರ್ಷ. 1918ರ ಗೆಲುವಿನ ದಿನ ಆತನಿಗೆ ಆರು ವರ್ಷ. ಆ ದಿನದ ನೆನಪು ಏನೂ ಉಳಿಯಲಿಲ್ಲವಂತೆ. ಅನಂತರ ನೆನಪಿನಲ್ಲುಳಿದದ್ದು ಸೋಲುಗಳು. 1946, 1967, 1975, 1986: ನಾಲ್ಕು ಸಲ ವರ್ಲ್ಡ್ ಸೀರೀಸ್ ತಲುಪಿ, ನಾಲ್ಕು ಸಲವೂ ಏಳನೆಯ, ಎಂದರೆ ಕೊನೆಯ, ಪಂದ್ಯದಲ್ಲಿ ಸೋತರು. ನಡುವೆ ನ್ಯೂಯಾರ್ಕಿನವರು ಕೊಟ್ಟ ಪೆಟ್ಟುಗಳು. 1949ರಲ್ಲಿ ಋತುವಿನ ಕೊನೆಯ ಎರಡು ಪಂದ್ಯಗಳಲ್ಲಿ ಒಂದನ್ನು ಗೆದ್ದಿದ್ದರೆ ಸಾಕಿತ್ತು. ಎರಡನ್ನೂ ಯಾಂಕೀಸರಿಗೆ ಒಪ್ಪಿಸಿದರು. 1978ರ ಜುಲೈಯಲ್ಲಿ ಯಾಂಕೀಸಿಗಿಂತ 14 ಪಂದ್ಯ ಮುಂದಿದ್ದವರು ಶರತ್ಕಾಲದ ಹೊತ್ತಿಗೆ ಸಮಸಮವಾಗಿ ನಿಂತು, ನಿರ್ಣಯದ ಒಂದೇ ಪಂದ್ಯವನ್ನು 5–4ರಿಂದ ಕಳೆದುಕೊಂಡರು. ಅಂದು ಹೋಂ ರನ್ ಹೊಡೆದ ಬಕಿ ಡೆಂಟ್, ಅಲ್ಲಿಯವರೆಗೆ ವರ್ಷವಿಡೀ ನಾಲ್ಕೇ ಹೋಂ ರನ್ ಹೊಡೆದಿದ್ದವನು. 1986ರಲ್ಲಿ ಇನ್ನೊಂದೇ ಎಸೆತ ಫಲಿಸಿದ್ದರೆ ಕಿರೀಟ ಕೈಯಲ್ಲಿರುತ್ತಿತ್ತು. ಚೆಂಡು ಬಿಲ್ ಬಕ್ನರನ ಕಾಲುಗಳ ನಡುವೆ ನುಸುಳಿ ಹೋಯಿತು. ಮೇಷ್ಟ್ರ ತಂದೆ ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

ಈ ಎರಡು ತಂಡಗಳ ವೈರದ ಬಗ್ಗೆ ಬಹಳ ಬರೆದಿದ್ದಾರೆ. ನನ್ನ ಅಭಿಪ್ರಾಯ ಇಷ್ಟೆ: 2004ರವರೆಗೆ ಅದು ವೈರವೇ ಆಗಿರಲಿಲ್ಲ. ವೈರಕ್ಕೆ ಎರಡು ಕಡೆಯ ಗಾಯಗಳು ಬೇಕು. ಬಾಸ್ಟನ್ನಿನವರು ನ್ಯೂಯಾರ್ಕಿನವರನ್ನು ಹಗಲಿರುಳು ನೆನೆಯುತ್ತಿದ್ದರು. ನ್ಯೂಯಾರ್ಕಿನವರು ಬಾಸ್ಟನ್ನಿನವರನ್ನು ಬಿಡುವಾದಾಗ ಸೋಲಿಸುತ್ತಿದ್ದರು. ನಮ್ಮವರು ಯಾಂಕೀಸಿನ ಹಣದ ಥೈಲಿಯನ್ನು ಬೈಯುವುದೂ ಪೂರ್ತಿ ಪ್ರಾಮಾಣಿಕವಲ್ಲ. 2004ರ ಸಂಬಳದ ಪಟ್ಟಿಯಲ್ಲಿ ಮೊದಲನೆಯದು ಯಾಂಕೀಸ್ ಆದರೆ ಎರಡನೆಯದು ಬಾಸ್ಟನ್. ಎರಡನೆಯ ಸಾಹುಕಾರನು ಮೊದಲನೆಯ ಸಾಹುಕಾರನನ್ನು ತೋರಿಸಿ ಬಡತನದ ಮಾತನಾಡುವುದು ನಮ್ಮ ಕಡೆಯೂ ಇಲ್ಲದ ನಡತೆಯಲ್ಲ.

2003ರ ಅಕ್ಟೋಬರಿನಲ್ಲಿ ನಾನು ಮೇಷ್ಟ್ರ ಮನೆಯಲ್ಲಿ ಕುಳಿತು ಲೀಗಿನ ಕೊನೆಯ ಪಂದ್ಯವನ್ನು ನೋಡಿದೆ. ಎಂಟನೆಯ ಇನ್ನಿಂಗ್ಸಿನಲ್ಲಿ 5–2ರಿಂದ ಮುಂದಿದ್ದೆವು. ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಯಾಂಕೀಸಿನ ಏರನ್ ಬೂನ್ ಒಂದೇ ಹೊಡೆತದಲ್ಲಿ ಮುಗಿಸಿದ. ಮೇಷ್ಟ್ರು ಟೆಲಿವಿಷನ್ನನ್ನು ಆರಿಸಿ, ಏನೂ ಆಗದವರಂತೆ ಎದ್ದು, ಚಹದ ಬಟ್ಟಲುಗಳನ್ನು ತೊಳೆದಿಟ್ಟರು. ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದುದನ್ನು ಕಂಡು ನಾನು ಹೇಳದೆ ಮನೆಗೆ ಬಂದೆ.

ಮರುವರ್ಷ ನಡೆದದ್ದನ್ನು ಈಗ ಪುರಾಣದಂತೆ ಹೇಳುತ್ತಾರೆ. ಅದೇ ಯಾಂಕೀಸರ ವಿರುದ್ಧ ಮೊದಲ ಮೂರು ಪಂದ್ಯಗಳಲ್ಲಿ ಸೋಲು, ಮೂರನೆಯದರಲ್ಲಿ 19–8. ಏಳು ಪಂದ್ಯಗಳ ಸರಣಿಯಲ್ಲಿ ಮೂರು ಸೋತ ತಂಡವು ಅಲ್ಲಿಂದ ಮೇಲೆದ್ದು ಗೆದ್ದ ನಿದರ್ಶನ ಬೇಸ್‌ಬಾಲಿನಲ್ಲಿ ಅದುವರೆಗೆ ಇರಲಿಲ್ಲ. ನಾಲ್ಕನೆಯ ಪಂದ್ಯದ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಒಂದು ಓಟ ಹಿಂದಿದ್ದಾಗ ಡೇವ್ ರಾಬರ್ಟ್ಸ್ ಎಂಬವನು, ಇಡೀ ಕ್ರೀಡಾಂಗಣವೇ ನಿರೀಕ್ಷಿಸುತ್ತಿದ್ದರೂ, ಎರಡನೆಯ ಮೂಲೆಯನ್ನು ಕದ್ದು ಓಡಿದ. ಪಂದ್ಯ ಸಮವಾಯಿತು, ಹನ್ನೆರಡನೆಯ ಇನ್ನಿಂಗ್ಸಿನಲ್ಲಿ ಡೇವಿಡ್ ಒರ್ಟಿಜ್ ಹೋಂ ರನ್ ಹೊಡೆದು ಗೆಲ್ಲಿಸಿದ. ಮರುದಿನ ಹದಿನಾಲ್ಕು ಇನ್ನಿಂಗ್ಸ್ ಆಡಿ ಗೆದ್ದರು, ಆರನೆಯದನ್ನೂ ಗೆದ್ದರು, ಏಳನೆಯದನ್ನು ನ್ಯೂಯಾರ್ಕಿನಲ್ಲೇ 10–3ರಿಂದ ಗೆದ್ದರು. ಅನಂತರ ವರ್ಲ್ಡ್ ಸೀರೀಸಿನಲ್ಲಿ ಸೇಂಟ್ ಲೂಯಿಸ್ ತಂಡವನ್ನು ನಾಲ್ಕಕ್ಕೆ ನಾಲ್ಕು ಪಂದ್ಯಗಳಲ್ಲೂ ಸೋಲಿಸಿದರು. ಅದು ಮುಗಿದ 27 ಅಕ್ಟೋಬರ್ 2004ರ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು. ಗ್ರಹಣ ಬಿಟ್ಟಿತೆಂದು ನಾನೆಂದೆ. ಮೇಷ್ಟ್ರಿಗೆ ಮಾತು ಹೊರಡುತ್ತಿರಲಿಲ್ಲ.

ಬೆಳಗ್ಗೆ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಅಂದಿನ ವೃತ್ತಪತ್ರಿಕೆ. ಜೊತೆಯಲ್ಲಿ ಬರುವಿರಾ ಎಂದು ಕೇಳಿದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಸ್ಮಶಾನದಲ್ಲಿ ತಂದೆಯ ಸಮಾಧಿಯ ಮೇಲೆ ಪತ್ರಿಕೆಯನ್ನಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿದರು. ಸುತ್ತ ನೋಡಿದರೆ ನಾವಿಬ್ಬರೇ ಅಲ್ಲ. ಅನೇಕ ಸಮಾಧಿಗಳ ಮೇಲೆ ಟೋಪಿಗಳು, ಬಾವುಟಗಳು, ಪತ್ರಿಕೆಗಳು. ಪಿತೃಗಳಿಗೆ ತಿಲತರ್ಪಣ ಕೊಡುವ ನಾಡಿನಿಂದ ಹೋದ ನನಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ನಾನು ಆ ತಂಡದ ಪಕ್ಷಕ್ಕೆ ಸೇರಿದ್ದು ಆ ಬೆಳಗಿನಲ್ಲಿ.

ಇನ್ನು ಆಟಗಾರರನ್ನು ಕೊಳ್ಳುವ, ಮಾರುವ ವಿಚಾರ. ಇದರಲ್ಲಿ ಅಭಿಮಾನಿಯ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಹಿಂದೆ ಆಟಗಾರನು ಒಮ್ಮೆ ಸಹಿ ಹಾಕಿದರೆ ಜೀವಮಾನವೆಲ್ಲ ಆ ತಂಡದ ಸ್ವತ್ತು. ಒಡೆಯನು ಬಯಸಿದರೆ ದನದ ಜಾತ್ರೆಯಲ್ಲಿ ಹಗ್ಗ ಬದಲಿಸಿದಂತೆ ಬೇರೆ ಊರಿಗೆ ಕೊಟ್ಟುಬಿಡಬಹುದಾಗಿತ್ತು. 1969ರಲ್ಲಿ ತನ್ನನ್ನು ಕೇಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಸೇಂಟ್ ಲೂಯಿಸಿನ ಕರ್ಟ್ ಫ್ಲಡ್, ತಾನು ಕೊಂಡು ಮಾರುವ ವಸ್ತುವಲ್ಲವೆಂದು ಹೋಗಲೊಪ್ಪದೆ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪಿತ್ತಿತು; ಅವನ ಆಟದ ಬಾಳು ಅಷ್ಟರಲ್ಲಿ ಮುಗಿದಿತ್ತು. ಅವನು ಬಿತ್ತಿದ್ದನ್ನು ಬೇರೆಯವರು ಕೊಯ್ದರು: 1975ರ ಡಿಸೆಂಬರಿನಲ್ಲಿ ಇಬ್ಬರು ಎಸೆತಗಾರರ ಮೊಕದ್ದಮೆಯಲ್ಲಿ ಪಂಚಾಯಿತರಾದ ಪೀಟರ್ ಸೈಟ್ಸ್ ಆಟಗಾರರ ಪರವಾಗಿ ತೀರ್ಮಾನಿಸಿದ ಮೇಲೆ, ಕರಾರು ಮುಗಿದ ಆಟಗಾರನು ತನಗೆ ಬೇಕಾದ ಕಡೆ ಹೋಗುವ ಹಾದಿ ತೆರೆಯಿತು. ಇದು ನ್ಯಾಯವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಕೊಂಡದ್ದಕ್ಕಿಂತ ಕೊಳ್ಳದಿದ್ದುದರ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಅಭಿಮಾನವು ಅದನ್ನು ಮರೆಸಬಾರದು. 1945ರ ಏಪ್ರಿಲಿನಲ್ಲಿ ಜಾಕಿ ರಾಬಿನ್ಸನ್ ಫೆನ್‌ವೇಯಲ್ಲಿ ಪರೀಕ್ಷೆಗೆ ಬಂದು ಆಡಿ ತೋರಿಸಿದ. ಬಾಸ್ಟನ್ ಅವನನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷಗಳ ಮೇಲೆ ಅವನು ಬ್ರೂಕ್ಲಿನ್ನಿನ ಪರವಾಗಿ ಆಡಿ ವರ್ಣಭೇದದ ಗೋಡೆಯನ್ನೊಡೆದ. ಅಂದಿನ ದೊಡ್ಡ ಲೀಗುಗಳ ತಂಡಗಳಲ್ಲಿ ಕರಿಯ ಆಟಗಾರನಿಗೆ ಎಲ್ಲಕ್ಕಿಂತ ಕೊನೆಯಲ್ಲಿ, 1959ರಲ್ಲಿ, ಬಾಗಿಲು ತೆರೆದದ್ದು ಬಾಸ್ಟನ್. ಎಂಬತ್ತಾರು ವರ್ಷಗಳ ಬರಗಾಲಕ್ಕೆ ರೂತನ ಶಾಪವೇ ಕಾರಣವೆಂದು ಹೇಳುವವರು ಈ ಪುಟವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

2004ರ ಏಳನೆಯ ಪಂದ್ಯದಲ್ಲಿ ಎರಡು ಹೋಂ ರನ್ ಹೊಡೆದು ನ್ಯೂಯಾರ್ಕನ್ನು ಮಣಿಸಿದ ಜಾನಿ ಡೇಮನ್, ಕರಾರು ಮುಗಿದೊಡನೆ 2005ರ ಡಿಸೆಂಬರಿನಲ್ಲಿ ಅದೇ ನ್ಯೂಯಾರ್ಕಿನವರೊಡನೆ ನಾಲ್ಕು ವರ್ಷಕ್ಕೆ 5 ಕೋಟಿ 20 ಲಕ್ಷ ಡಾಲರಿಗೆ ಸಹಿ ಹಾಕಿದ. ಮರುವರ್ಷದ ಮೇ 1ರಂದು ಆ ಬಣ್ಣದ ಉಡುಪಿನಲ್ಲಿ ಫೆನ್‌ವೇಗೆ ಬಂದಾಗ ನಾವಿಬ್ಬರೂ ಅಲ್ಲಿದ್ದೆವು. ನಲವತ್ತು ವರ್ಷ ತರಗತಿಯಲ್ಲಿ ದನಿಯೆತ್ತದಿದ್ದ ಮೇಷ್ಟ್ರು ಎದ್ದು ನಿಂತು ಧಿಕ್ಕಾರ ಕೂಗಿದರು. ಡೇಮನ್ ಶಿರಸ್ತ್ರಾಣ ತೆಗೆದು ವಂದಿಸಿದ. ನಾನು ಫ್ಲಡ್‌ನ ಹೆಸರೆತ್ತಿ, “ಹೋಗುವ ಹಕ್ಕು ಅವನಿಗಿಲ್ಲವೇ?” ಎಂದು ಕೇಳಿದೆ. “ಖಂಡಿತ ಇದೆ. ಕೂಗುವ ಹಕ್ಕು ನನಗಿದೆ,” ಎಂದು ಹೇಳಿ ಕುಳಿತುಕೊಂಡು ಪೆನ್ಸಿಲನ್ನು ಕೈಗೆತ್ತಿಕೊಂಡರು.

ಹೋಗುವ ಆಟಗಾರನನ್ನು ನಾನು ದೂಷಿಸಲಾರೆ. ಇಟ್ಟುಕೊಳ್ಳಲು ಶಕ್ತಿಯಿದ್ದೂ ಮಾರುವ ಒಡೆಯನ ವಿಷಯ ಬೇರೆ. ಮೂಕಿ ಬೆಟ್ಸ್ ಬಾಸ್ಟನ್ನೇ ಬೆಳೆಸಿದ ಹುಡುಗ. 2018ರಲ್ಲಿ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ ತಂದ ತಂಡದ ಜೀವಾಳ. ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದವನು. ಅವನ ಕರಾರು ಮುಗಿಯಲು ಒಂದು ವರ್ಷವಿದ್ದಾಗ, ಸಂಬಳದ ಮಿತಿ ಮೀರಿದ ತಂಡಗಳು ತೆರಬೇಕಾದ ತೆರಿಗೆಯಿಂದ ಪಾರಾಗುವ ಲೆಕ್ಕವೂ ಸೇರಿ, 2020ರ ಫೆಬ್ರುವರಿಯಲ್ಲಿ ಅವನನ್ನು ಲಾಸ್ ಏಂಜಲಿಸಿನ ಡಾಡ್ಜರ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಬದಲಿಗೆ ಬಂದವರು ಮೂವರು ತರುಣರು. ಅವರಲ್ಲಿ ಒಬ್ಬನಿಗೆ ಹುಟ್ಟಿದಾಗಲೇ ಯಾಂಕೀಸ್ ನಾಯಕನ ಹೆಸರಿಟ್ಟಿದ್ದರು, ಮತ್ತೊಬ್ಬನು ಕೆಲವು ವರ್ಷಗಳಲ್ಲಿ ಯಾಂಕೀಸಿಗೇ ಹೋದ. ಡಾಡ್ಜರ್ಸ್ ಬೆಟ್ಸನೊಡನೆ 12 ವರ್ಷಕ್ಕೆ 36 ಕೋಟಿ 50 ಲಕ್ಷ ಡಾಲರಿನ ಕರಾರು ಮಾಡಿಕೊಂಡು 2020, 2024, 2025ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಬಾಸ್ಟನ್ 2020, 2022, 2023ರಲ್ಲಿ ತನ್ನ ವಿಭಾಗದ ತಳದಲ್ಲಿ ಕುಳಿತಿತು. ಫ್ರೇಜೀಗೆ ಸಾಲದ ನೆಪವಾದರೂ ಇತ್ತು. ಇವರಿಗೆ ಅದೂ ಇರಲಿಲ್ಲ.

ಆಗ ನಾನು ಮೈಸೂರಿಗೆ ಮರಳಿ ಬಹಳ ವರ್ಷಗಳಾಗಿದ್ದುವು. ಮೇಷ್ಟ್ರಿಂದ ಒಂದು ಕಾಗದ ಬಂದಿತು. “ತಂದೆಯ ಸಮಾಧಿಗೆ ಹೋಗಿ ಪತ್ರಿಕೆಯನ್ನು ವಾಪಸು ಕೇಳುವಂತಾಗಿದೆ. ಇನ್ನು ಆಟ ಕೇಳುವುದಿಲ್ಲ,” ಎಂದು ಬರೆದಿದ್ದರು. ನಾನು ಉತ್ತರವಾಗಿ ಬಕ್ನರನ ಕಥೆಯನ್ನು ನೆನಪಿಸಿದೆ. 1986ರಲ್ಲಿ ಊರೆಲ್ಲ ಶಪಿಸಿದ ಆ ಮನುಷ್ಯ 2008ರ ಏಪ್ರಿಲಿನಲ್ಲಿ ಫೆನ್‌ವೇಗೆ ಬಂದು ಋತುವಿನ ಮೊದಲ ಚೆಂಡನ್ನೆಸೆದಾಗ ಜನರು ಎದ್ದು ನಿಂತು ಕರತಾಡನ ಮಾಡಿದರು, ಅವನು ಕಣ್ಣೊರಸಿಕೊಂಡ. ಒಡೆಯರು ಬರುತ್ತಾರೆ, ಹೋಗುತ್ತಾರೆ. ಎದ್ದು ನಿಂತವರು ಒಡೆಯರಲ್ಲ, ನಿಮ್ಮಂಥವರು, ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಅನಂತರವೂ ಬಾಸ್ಟನ್ ಪಾಠ ಕಲಿಯಿತೆಂದು ಹೇಳಲಾರೆ. 2023ರಲ್ಲಿ ರಾಫೆಲ್ ಡೆವರ್ಸ್ ಎಂಬ ಮತ್ತೊಬ್ಬ ಮನೆಯ ಹುಡುಗನಿಗೆ 10 ವರ್ಷಕ್ಕೆ 31 ಕೋಟಿ 35 ಲಕ್ಷ ಡಾಲರ್ ಕೊಟ್ಟರು. ಎರಡು ವರ್ಷ ಕಳೆದೊಡನೆ ಅವನ ಸ್ಥಾನದಲ್ಲೇ ಆಡುವ ಅಲೆಕ್ಸ್ ಬ್ರೆಗ್‌ಮನ್ನನ್ನು ತಂದರು. ಸ್ಥಾನ ಬಿಡೆಂದರು, ಅವನು ಮುನಿದು ಬಿಟ್ಟ. ಇನ್ನೊಂದು ಸ್ಥಾನದಲ್ಲಿ ನಿಲ್ಲೆಂದರು, ನಿಲ್ಲಲೊಪ್ಪಲಿಲ್ಲ. 15 ಜೂನ್ 2025ರಂದು ಬಾಸ್ಟನ್ ಯಾಂಕೀಸರನ್ನು ಸತತ ಮೂರನೆಯ ದಿನವೂ ಸೋಲಿಸಿತು. ಡೆವರ್ಸ್ ಅಂದು ಹೋಂ ರನ್ ಹೊಡೆದ. ಸಂಜೆಯೇ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಹಾಕಿದರು. ಇದರಲ್ಲಿ ತಪ್ಪು ಎರಡು ಕಡೆಯದು. ಅಷ್ಟು ಹಣ ಪಡೆದ ಆಟಗಾರನು ಗಾಯಗೊಂಡ ಜೊತೆಗಾರನ ಜಾಗದಲ್ಲಿ ನಿಲ್ಲಬೇಕಾಗಿತ್ತು. ಆದರೆ ಹೊಸಬನನ್ನು ಕರೆಯುವ ಮೊದಲು ಹಳಬನನ್ನು ಕೂರಿಸಿಕೊಂಡು ಮಾತನಾಡುವುದು ಯಜಮಾನಿಕೆಯ ಮೊದಲ ಪಾಠ. ಯಾಂಕೀಸರೂ ಸುಖವಾಗಿಲ್ಲವೆಂಬುದು ಒಂದು ಸಮಾಧಾನ: ಅವರ ಹ್ವಾನ್ ಸೋಟೋ 2024ರ ಡಿಸೆಂಬರಿನಲ್ಲಿ 15 ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರಿಗೆ ಅದೇ ಊರಿನ ಮೆಟ್ಸ್ ತಂಡಕ್ಕೆ ನಡೆದುಹೋದ.

ಈ ನೋವು ಕನ್ನಡಿಗರಿಗೆ ಹೊಸದಲ್ಲ. 2025ರ ಏಪ್ರಿಲಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮ ಕೆ. ಎಲ್. ರಾಹುಲ್ ದೆಹಲಿಯ ಪರವಾಗಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿ, ಇದು ನನ್ನ ನೆಲವೆಂಬಂತೆ ದಾಂಡಿನಿಂದ ಗೆರೆ ಎಳೆದಾಗ, ಚಪ್ಪಾಳೆ ತಟ್ಟಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಕುಳಿತವರು ಎಷ್ಟು ಮಂದಿ!

ಆ ವರ್ಷ ಬಾಸ್ಟನ್ 89 ಪಂದ್ಯ ಗೆದ್ದು, ಮೂರು ಪಂದ್ಯಗಳ ಸರಣಿಯಲ್ಲಿ ಯಾಂಕೀಸರ ಎದುರು ನಿಂತಿತು. ಮೊದಲನೆಯದನ್ನು ಗೆದ್ದಿತು, ಎರಡನೆಯದನ್ನು ಒಂದು ಓಟದಿಂದ ಸೋತಿತು. ಮೂರನೆಯ ಪಂದ್ಯದಲ್ಲಿ ಕ್ಯಾಮ್ ಶ್ಲಿಟ್ಲರ್ ಎಂಬ ಹೊಸ ಎಸೆತಗಾರನು ಎಂಟು ಇನ್ನಿಂಗ್ಸ್ ಎಸೆದು 12 ಜನರನ್ನು ಬರಿಗೈಯಲ್ಲಿ ಕಳುಹಿಸಿದ. ಬಾಸ್ಟನ್ 4–0ರಿಂದ ಸೋತಿತು. ಆ ಹುಡುಗ ಯಾರು? ಬಾಸ್ಟನ್ನಿನಿಂದ ಸ್ವಲ್ಪವೇ ದೂರದ ವಾಲ್‌ಪೋಲ್ ಎಂಬ ಊರಿನಲ್ಲಿ ಬೆಳೆದವನು. ಬಾಸ್ಟನ್ನಿನಲ್ಲೇ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಂದು ಬೆಳಗ್ಗೆ ನನಗೆ ತಿಂಡಿ ಸೇರಲಿಲ್ಲ.

ಹದಿನೈದು ದಿನಗಳ ಮೇಲೆ ಮೇಷ್ಟ್ರ ಕಾಗದ ಬಂದಿತು. ವಯಸ್ಸು ಎಂಬತ್ತೆಂಟು, ಅಕ್ಷರಗಳು ನಡುಗಿದ್ದುವು. ಒಳಗೆ ಮಡಿಸಿಟ್ಟ ಮೂರು ಹಾಳೆಗಳಿದ್ದುವು: ರೇಡಿಯೋ ಕೇಳುತ್ತ ಪೆನ್ಸಿಲಿನಿಂದ ಗುರುತು ಹಾಕಿದ ಮೂರು ಪಂದ್ಯಗಳ ಅಂಕಪಟ್ಟಿ. ಹನ್ನೆರಡು ಔಟುಗಳನ್ನೂ ಒಂದೂ ಬಿಡದೆ ಬರೆದಿದ್ದರು. ಕೊನೆಯ ಹಾಳೆಯ ಅಂಚಿನಲ್ಲಿ ಎರಡು ಸಾಲು ಇದ್ದಿತು:

“ನಮ್ಮ ಕಡೆಯ ಹುಡುಗ. ಬಹಳ ಚೆನ್ನಾಗಿ ಎಸೆದ. ಟೋಪಿಯೊಂದು ಸರಿಯಿರಲಿಲ್ಲ.”